ಆಚೆ ಕೂರುವ ದಿನಗಳು

ನಿಮ್ಮ ಅಮ್ಮ ಹತ್ತನೇ ತರಗತಿಯಲ್ಲಿ ಓದುತ್ತಿದ್ದಾಗ ತಿಂಗಳಿಗೆ ಎರಡು ಸಲ, ಕೆಲವು ತಿಂಗಳು ಮೂರು ಸಲ ಮುಟ್ಟಾಗುತ್ತಿದ್ದಳು.

ಮೊಮ್ಮಕ್ಕಳು ಓದಲೆಂದು ಬರೆಯುವುದನ್ನು ಹೀಗೆ ಶುರುಮಾಡಬಾರದು ಎಂದು ನನಗೂ ಗೊತ್ತು. ದೇವರಿಂದ ಶುರುಮಾಡಿ ನೋಡಿದೆ, ಊರಿನ ಕೆರೆಯಿಂದ ಶುರುಮಾಡಿ ನೋಡಿದೆ. ಕೆರೆ ತುಂಬಿ ಕೋಡಿ ಹರಿದರೂ ನಾನು ಹೇಳಬೇಕಾದ ಮಾತಿನ ಹತ್ತಿರ ಬರಲಿಲ್ಲ. ಕೊನೆಗೆ ನಿಮ್ಮ ಅಮ್ಮನೇ, "ಅವ್ವ, ಅದ್ನೇ ಮೊದ್ಲು ಬರ್ದ್ಬುಡು. ಮಿಕ್ಕಿದ್ದು ತಾನಾಗೇ ಬತ್ತದೆ" ಎಂದಳು. ವಿಷಯ ಅವಳದು, ಅಪ್ಪಣೆಯೂ ಅವಳದೇ. ನಾನು ನನ್ನ ನಾಚಿಕೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅದು ಎದ್ದು ಹೋಗಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದೆ.

ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಮದುವೆಯಾಗಿ ಯಳಂದೂರು ತಾಲ್ಲೂಕಿನ ಅಗರಕ್ಕೆ ಬಂದೆ. ಬಂದಾಗ ಮಾವನವರು ಇರಲಿಲ್ಲ. ಅತ್ತೆ ಇದ್ದರು. ಅತ್ತೆ ಇದ್ದರು ಎಂದರೆ ಸಾಲದು. ಮನೆಯಲ್ಲಿ ಇದ್ದದ್ದು ಅತ್ತೆ, ನಾವು ಅವರ ಆಸುಪಾಸಿನಲ್ಲಿ ಓಡಾಡುತ್ತಿದ್ದೆವು. ನಿಮ್ಮ ತಾತ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡು ಕಾಯುವ ವಾಚರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕಾಡಿಗೆ ಬೆಂಕಿ ಬೀಳುವ ಕಾಲದಲ್ಲಿ ಅದೂ ಇಲ್ಲ. ಬಂದಾಗ ಮೈಯೆಲ್ಲ ಹೊಗೆ ವಾಸನೆ, ಬಾಯಲ್ಲಿ ಮಾತಿಲ್ಲ. ಇಡೀ ವಾರ ಆನೆಗಳ ಜೊತೆ ಇದ್ದ ಮನುಷ್ಯನಿಗೆ ಅತ್ತೆ ಸೊಸೆಯರ ವಿಚಾರ ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಮೊದಮೊದಲು ನಾವು ರೇಷ್ಮೆ ಹುಳು ಸಾಕುತ್ತಿದ್ದೆವು. ಬಾವಿಯಲ್ಲಿ ನೀರು ಇಳಿದು ಹಿಪ್ಪುನೇರಳೆ ಒಣಗಿದ ಮೇಲೆ ಅದನ್ನು ಬಿಟ್ಟು, ನಾನು ಮಾಂಬಳ್ಳಿಯಲ್ಲಿ ನೂಲು ತೆಗೆಯುವ ಮನೆಗೆ ಕೂಲಿಗೆ ಹೋಗತೊಡಗಿದೆ. ಗೂಡು ಕಟ್ಟಿಸುತ್ತಿದ್ದವಳು ಗೂಡು ಬೇಯಿಸುವವಳಾದೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳಿಗೆ ಚಂದ್ರಿಕೆ ಎನ್ನುತ್ತಾರೆ. ನೀವು ನೋಡಿಲ್ಲ, ಒಬ್ಬ ಮನುಷ್ಯನಷ್ಟು ಎತ್ತರ ಇರುತ್ತವೆ. ಅವನ್ನು ಮಾರಲು ಮನಸ್ಸಾಗದೆ ಹಿತ್ತಿಲಿನ ತಗಡಿನ ಚಪ್ಪರದಡಿ ಸಾಲಾಗಿ ನಿಲ್ಲಿಸಿದ್ದೆವು.

ಆ ಚಪ್ಪರವೇ ನಮ್ಮ ಮನೆಯ 'ಆಚೆ'. ಮುಟ್ಟಾದ ಹೆಂಗಸು ಅಲ್ಲಿ ಕೂರಬೇಕು. ಒಂದು ಚಾಪೆ, ಒಂದು ಕಂಬಳಿ, ಅಂಚು ಒಡೆದ ಒಂದು ಪಿಂಗಾಣಿ ತಟ್ಟೆ, ಒಂದು ಲೋಟ. ಮೂರು ದಿನ ಒಳಗೆ ಬರುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಊಟವನ್ನು ಮೇಲಿನಿಂದ ಬಡಿಸುತ್ತಾರೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಆ ಹೊತ್ತಿಗೆ ಊರಿನ ಎಷ್ಟೋ ಮನೆಗಳಲ್ಲಿ ಇದು ಸಡಿಲವಾಗಿತ್ತು. ನಮ್ಮ ಮನೆಯಲ್ಲಿ ಆಗಿರಲಿಲ್ಲ. ಶಾಲೆಗೆ ಮಾತ್ರ ಹೋಗಬಹುದಿತ್ತು. ಅದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅತ್ತೆ, "ಸರ್ಕಾರದ್ ಕಟ್ಟಡಕ್ಕೆ ಮೈಲ್ಗೆ ಇಲ್ಲ ಕನೆ. ಅಲ್ಲಿ ಎಲ್ಲಾರೂ ಓಡಾಡ್ತರೆ" ಎಂದರು.

ನಿಮ್ಮ ಅಮ್ಮ ಒಂಬತ್ತನೇ ತರಗತಿಯಲ್ಲಿದ್ದಾಗ ಅತ್ತೆ ಬಿದ್ದರು. ಚಾಮರಾಜನಗರ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಎದುರು ಮನೆಯ ಕೋಳಿ ನಮ್ಮ ರಾಗಿಗೆ ಬಾಯಿ ಹಾಕಿತೆಂದು ಅದನ್ನು ಅಟ್ಟಿಸಿಕೊಂಡು ಹೋದರು; ಕೋಳಿ ಗೋಡೆ ಹಾರಿತು, ಇವರು ಹಾರಲಿಲ್ಲ. ಸೊಂಟದ ಮೂಳೆ ಮುರಿಯಿತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಕಂಬಿ ಹಾಕಿಸಿ ಎಂದರು. "ಕಂಬಿ ಆಕ್ಸಕೆ ನಾನೇನ್ ಕಿಟ್ಕಿನಾ?" ಎಂದು ಅತ್ತೆ ಮನೆಗೆ ಹೊರಟೇಬಿಟ್ಟರು. ಹೊರಟರು ಎಂದರೆ, ನಾವು ಹೊತ್ತುಕೊಂಡು ಬಂದೆವು. ಹನೂರಿನ ಕಡೆಯಿಂದ ಮೂಳೆ ಕಟ್ಟುವವರೊಬ್ಬರು ಬಂದು ಮೊಟ್ಟೆ, ಉದ್ದಿನ ಹಿಟ್ಟು, ಬಿದಿರು ದಬ್ಬೆ ಎಲ್ಲ ಹಾಕಿ ಕಟ್ಟಿದರು. ಮೂಳೆ ಕೂಡಿತು. ಆದರೆ ತನಗೆ ಇಷ್ಟ ಬಂದ ಹಾಗೆ ಕೂಡಿತು. ಅತ್ತೆ ಮತ್ತೆ ನಡೆಯಲಿಲ್ಲ. ಪಡಸಾಲೆಯ ಮಂಚದ ಮೇಲೆ ಮಲಗಿದರು. ಬಾಯಿಗೆ ಏನೂ ಆಗಿರಲಿಲ್ಲ.

ಅತ್ತೆಯನ್ನು ನೋಡಿಕೊಳ್ಳುವವರು ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ. ನಿಮ್ಮ ತಾತ ಬೆಟ್ಟದಲ್ಲಿ. ನಾನು ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ಮನೆ ನಡೆಯುತ್ತಿದ್ದದ್ದು ಆ ಕೂಲಿಯಲ್ಲಿ. ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ. ಅವಳನ್ನು ಕೌದಳ್ಳಿಗೆ ಕೊಟ್ಟಿತ್ತು. ಆದರೆ ತಾಯಿ ಮಗಳು ಒಂದು ಹಿತ್ತಾಳೆ ಹಂಡೆಗೆ ಜಗಳವಾಡಿ ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದರು. ಹಂಡೆ ತಾಯಿಯ ತಾಯಿ ತನಗೆ ಕೊಟ್ಟದ್ದು ಎಂದು ಅವಳು ಕೌದಳ್ಳಿಗೆ ಹೊತ್ತುಕೊಂಡು ಹೋಗಿದ್ದಳು. ಅವಳ ಹೆಸರು ಎತ್ತಿದರೆ ಅತ್ತೆ ಗೋಡೆ ಕಡೆ ತಿರುಗುತ್ತಿದ್ದರು. ಸೊಂಟ ಮುರಿದ ಮೇಲೆ ತಿರುಗಲು ಆಗುತ್ತಿರಲಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಹೀಗಾಗಿ ಉಳಿದವಳು ನಿಮ್ಮ ಅಮ್ಮ. ಮೊದಲ ದಿನ ಅವಳು ನೀರು ಕೊಟ್ಟಳು, ಎರಡನೇ ದಿನ ಬೆನ್ನು ಒರೆಸಿದಳು, ಆಮೇಲೆ ಎಲ್ಲವೂ ಅವಳದೇ ಆಯಿತು. ಬೆಳಿಗ್ಗೆ ಬೇಸನ್ ಇಡುವುದು, ಒಯ್ಯುವುದು, ತೊಳೆಯುವುದು. ಮೈ ಒರೆಸಿ, ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು. ಗಂಜಿ ಕುಡಿಸುವುದು. ಮಧ್ಯಾಹ್ನ ಬೇರೆ ಹುಡುಗಿಯರು ಬುತ್ತಿ ಬಿಚ್ಚುವಾಗ ಇವಳು ಮನೆಗೆ ಓಡಿಬಂದು ಮತ್ತೆ ಬೇಸನ್ ಇಟ್ಟು, ಊಟ ಕೊಟ್ಟು, ಓಡುವುದು. ಸಂಜೆ ಮತ್ತೆ ಅದೇ. ಅತ್ತೆಯದು ಸುಮ್ಮನೆ ಮಲಗಿರುವ ಕಾಯಿಲೆಯಲ್ಲ. ದಿಂಬು ಎತ್ತರವಾಯಿತು, ತಗ್ಗಾಯಿತು, ನೊಣ ಬಂತು, ಬಾಗಿಲು ಹಾಕು, ತೆಗಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಹುಡುಗಿ ಕೂರುವಷ್ಟು ಜಾಗ ಇರುತ್ತಿರಲಿಲ್ಲ.

ಊರಿನವರು ತುಂಬಾ ಹೊಗಳಿದರು. "ಮೊಮ್ಮಗ್ಳು ಅಂದ್ರೆ ಇಂಗಿರ್ಬೇಕು." "ಪುಣ್ಯವಂತೆ ಕನವ್ವ ನೀನು." ನನಗೂ ಹೆಮ್ಮೆಯಾಯಿತು. ಹೊಗಳಿಕೆ ಒಂದು ಬಗೆಯ ಹೊರೆ. ತಲೆಯ ಮೇಲೆ ಎತ್ತಿಡಲು ಹತ್ತು ಜನ ಬರುತ್ತಾರೆ. ಇಳಿಸಿಕೊಳ್ಳಲು ಯಾರೂ ಬರುವುದಿಲ್ಲ.

ನಿಮ್ಮ ಅಮ್ಮ ಹಾಡುತ್ತಿದ್ದಳು ಎಂದು ನಿಮಗೆ ಹೇಳಿದ್ದೇನೋ ಇಲ್ಲವೋ. ಚಿಕ್ಕಂದಿನಿಂದ ಅವಳ ಬಾಯಲ್ಲಿ ಯಾವಾಗಲೂ ಒಂದು ಸಿನಿಮಾ ಪದ. ರಾಗ ಇಲ್ಲ, ತಾಳ ಇಲ್ಲ, ಪದಗಳೂ ಅರ್ಧ ಅವಳವೇ. ಆದರೆ ಗಂಟಲು ಮಾತ್ರ ದೊಡ್ಡದು. ಅತ್ತೆ, "ಲೇ, ಕತ್ತೆ ಬಂದದೆ ಅಂತ ಅಗಸರವ್ರು ಬಂದ್ಬುಟ್ಟಾರು, ಬಾಯ್ಮುಚ್ಚು" ಎನ್ನುತ್ತಿದ್ದರು. ಅವಳು ಇನ್ನಷ್ಟು ಜೋರು ಮಾಡುತ್ತಿದ್ದಳು. ಅತ್ತೆ ಮಲಗಿದ ಮೇಲೆ ಕೆಲವು ತಿಂಗಳಲ್ಲಿ ಹಾಡು ನಿಂತಿತು. ಯಾವ ದಿನ ನಿಂತಿತೆಂದು ಯಾರಿಗೂ ಗೊತ್ತಾಗಲಿಲ್ಲ. ಗಡಿಯಾರ ನಿಂತರೂ ಹಾಗೆಯೇ ಅಲ್ಲವೇ, ಆಮೇಲೆ ಯಾವಾಗಲೋ ಟೈಮು ನೋಡಿದಾಗ ತಾನೇ ತಿಳಿಯುವುದು.

ಆಮೇಲೆ ಬೇರೆ ಬೇರೆ ಲಕ್ಷಣಗಳೂ ಕಂಡವು. ಕೈಯನ್ನು ಸೋಪಿನಲ್ಲಿ ತೊಳೆದು, ಬೂದಿಯಲ್ಲಿ ಉಜ್ಜಿ, ಮೂಸಿ ನೋಡಿ ಮತ್ತೆ ತೊಳೆಯುವಳು. ಕೈ ಒಡೆದು ರಕ್ತ ಬಂದರೂ ಮೂಸುವುದು ಬಿಡಲಿಲ್ಲ. ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರುತ್ತಿತ್ತು. ತಟ್ಟೆ ಮುಂದೆ ಕೂತರೆ ಮುದ್ದೆ ಆರಿ ಕಲ್ಲಾಗುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗ ಎಲ್ಲರೂ "ಎಸ್ ಸಾ" ಎಂದರೆ, ಒಂದು ದಿನ ಇವಳು "ಬಂದೆ ಅಜ್ಜಿ" ಎಂದು ಎದ್ದು ನಿಂತಳಂತೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಅವಳು ನಗಲಿಲ್ಲ, ಅಳಲೂ ಇಲ್ಲ; ನಿಂತೇ ಇದ್ದಳು, ಕೂರು ಎಂದ ಮೇಲೆ ಕೂತಳು. ಇದನ್ನು ಅವಳ ಸ್ನೇಹಿತೆ ಬಂದು ನನಗೆ ಹೇಳಿದ್ದು, ತಮಾಷೆಯೆಂದು.

ನನಗೆ ಭಯ ಹುಟ್ಟಿದ್ದು ಬಾವಿಯ ಹತ್ತಿರ. ಒಂದು ಸಂಜೆ ಕೆಲಸದಿಂದ ಬರುವಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಕಾಲು ಒಳಗಡೆಗೆ ಇಳಿಬಿಟ್ಟಿದ್ದಳು.

"ಏನ್ ಮಾಡ್ತಿದ್ದೀಯ ಮಗ?"

"ನೀರ್ ನೋಡ್ತಿದ್ದೆ."

"ನೀರ ಈಚೆ ನಿಂತ್ಕಂಡೂ ನೋಡ್ಬೋದು."

"ಊ."

ಅವಳು ಕಾಲು ಈಚೆ ಹಾಕಿಕೊಂಡು ಇಳಿದಳು. ನಾನು ಕೊಡ ತುಂಬಿಸಿದೆ. ಇಬ್ಬರೂ ಮನೆಗೆ ಬಂದೆವು. ಅಷ್ಟೇ ಆದದ್ದು. ಆದರೆ ಅಂದಿನಿಂದ ಕುದಿಯುವ ನೀರಿನಲ್ಲಿ ಗೂಡು ಆಡಿಸುತ್ತಿದ್ದಾಗಲೂ ನನಗೆ ಆ ಎರಡು ಕಾಲುಗಳೇ ಕಾಣುತ್ತಿದ್ದವು. ಹುಡುಗಿ ನಮ್ಮ ಕೈ ಜಾರುತ್ತಿದ್ದಾಳೆ ಎಂದು ಗೊತ್ತಿತ್ತು. ಹಿಡಿದುಕೊಳ್ಳುವುದು ಹೇಗೆ ಎಂದು ಗೊತ್ತಿರಲಿಲ್ಲ. ಮೈಗೆ ಕಾಯಿಲೆಯಾದರೆ ಆಸ್ಪತ್ರೆ ಇದೆ. ಇದಕ್ಕೆ ಏನೆಂದು ಹೆಸರು ಹೇಳಿ ಚೀಟಿ ಮಾಡಿಸುವುದು?

ಆ ತಿಂಗಳು ಅವಳು ಮುಟ್ಟಾಗಿ ಆಚೆ ಕೂತಳು. ನಾನು ಕೆಲಸ ತಪ್ಪಿಸಿ ಅತ್ತೆಯನ್ನು ನೋಡಿಕೊಂಡೆ. ಶಾಲೆಯಿಂದ ಬಂದವಳು ಚಂದ್ರಿಕೆಗಳ ಹಿಂದೆ ಚಾಪೆ ಹಾಸಿಕೊಂಡು ಮಲಗಿದರೆ ಊಟಕ್ಕೆ ಕೂಗುವವರೆಗೆ ಏಳುತ್ತಿರಲಿಲ್ಲ. ಮೂರನೇ ದಿನ ತಟ್ಟೆ ಖಾಲಿ ಮಾಡಿ, "ಇನ್ನೊಸಿ ಸಾರು ಬುಡವ್ವ" ಎಂದಳು. ಒಳಗೆ ಅತ್ತೆ "ಲೇ, ಲೇ" ಎಂದು ಕೂಗಿದರೆ, "ನಾನ್ ಆಚೆ ಅಜ್ಜಿ" ಎನ್ನುವಳು. ಅತ್ತೆ ನನ್ನನ್ನು ಕೂಗುತ್ತಿದ್ದರು. ಇಡೀ ಮನೆಯಲ್ಲಿ ಅತ್ತೆಯ ಮಾತಿಗಿಂತ ದೊಡ್ಡದು ಅತ್ತೆಯ ಶಾಸ್ತ್ರ ಒಂದೇ.

ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಮತ್ತೆ ಬೇಸನ್, ಮತ್ತೆ ಬೂದಿ. ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡಿಕೊಂಡು, "ಅವ್ವ, ನಾನ್ ಆಚೆ" ಎಂದಳು.

"ಮೊನ್ನೆ ಆಗಿತ್ತಲ್ಲ?"

"ಮತ್ತೆ ಆಗದೆ."

ಎಳೆ ಹುಡುಗಿಯರಿಗೆ ಹೆಚ್ಚುಕಡಿಮೆ ಆಗುತ್ತದೆ ಎಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಆಯಿತು, ಅದರ ಮುಂದಿನ ತಿಂಗಳೂ. ಒಮ್ಮೆ ಅವಳೂ ನಾನೂ ಒಟ್ಟಿಗೆ ಆಚೆ ಕೂತೆವು. ಅತ್ತೆ ಒಬ್ಬರೇ ಮಂಚದ ಮೇಲೆ. ಅಂದು ಅತ್ತೆ ಬಹಳ ಹೊತ್ತು ಯೋಚನೆ ಮಾಡಿ, ಮದುವೆಯಾದ ಹೆಂಗಸು ಮುಟ್ಟಿದರೆ ಅರ್ಧ ಮೈಲಿಗೆ, ತುಳಸಿ ನೀರು ಚಿಮುಕಿಸಿದರೆ ಹೋಗುತ್ತದೆ, ಎಂಬ ಹೊಸ ಶಾಸ್ತ್ರವನ್ನು ಮಲಗಿದಲ್ಲೇ ಕಂಡುಹಿಡಿದು ನನ್ನನ್ನು ಒಳಗೆ ಕರೆಸಿಕೊಂಡರು. ನಿಮ್ಮ ಅಮ್ಮನಿಗೆ ಆ ಶಾಸ್ತ್ರ ಅನ್ವಯಿಸಲಿಲ್ಲ. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ರಕ್ತವೆಲ್ಲ ಹೋಗಿ ಹುಡುಗಿ ಸತ್ತೇಹೋದಾಳು ಎಂಬ ಭಯದಲ್ಲಿ ಅವಳನ್ನು ಕೊಳ್ಳೇಗಾಲದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು. ಹುಡುಗಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ನಾನು ಈಚೆ ಸ್ಟೂಲಿನ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದೆ. ಪರದೆಯ ಹಿಂದಿನಿಂದ ನಿಮ್ಮ ಅಮ್ಮನ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ಕೇಳಿ ನನಗೆ ಎಷ್ಟೋ ಕಾಲವಾಗಿತ್ತು.

ಡಾಕ್ಟರು ಬಂದು ಕೈ ತೊಳೆದುಕೊಂಡರು. "ರಕ್ತ ಕಡಿಮೆ ಇದೆ. ಆದ್ರೆ ಎಲ್ಲೂ ಹೋಗ್ತಿಲ್ಲ" ಎಂದರು.

"ಅಂಗಂದ್ರೆ?"

"ತಿಂಗಳಿಗೆ ಒಂದ್ಸಲ ಎಲ್ಲರಿಗೂ ಹೋಗೋ ಅಷ್ಟೇ ಹೋಗ್ತಿದೆ. ಮನೇಲಿ ಬಟ್ಟೆ ಒಗೆಯೋದು ಯಾರಮ್ಮ?"

"ಅವ್ಳ್ ಬಟ್ಟೆ ಅವ್ಳೇ."

"ಸರಿ. ಅಜ್ಜಿ ಮಲಗಿದಾರಂತೆ. ನೋಡ್ಕೊಳ್ಳೋದು ಯಾರು?"

ನಾನು ನಿಮ್ಮ ಅಮ್ಮನ ಕಡೆ ನೋಡಿದೆ. ಅವಳು ಗೋಡೆಯ ಮೇಲಿದ್ದ ಮಗುವಿನ ಪಟ ನೋಡುತ್ತಿದ್ದಳು. ಡಾಕ್ಟರು ನನ್ನ ಉತ್ತರಕ್ಕೆ ಕಾಯಲಿಲ್ಲ. ಟಾನಿಕ್ ಬರೆದರು. "ಹುಡುಗಿಗೆ ರೆಸ್ಟ್ ಬೇಕು, ಆಟ ಬೇಕು, ಜೊತೆ ಹುಡುಗೀರು ಬೇಕು. ಇದು ಯಾವ ಅಂಗಡೀಲೂ ಸಿಗಲ್ಲ, ನೀವೇ ಹೊಂಚಬೇಕು" ಎಂದರು. ಬಾಗಿಲವರೆಗೆ ಹೋದ ಮೇಲೆ ಮತ್ತೆ ಕರೆದು, "ಬೈಬೇಡಿ" ಎಂದರು.

ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿಗೆ ಹೋದೆವು. ಅವಳಿಗೆ ಮಸಾಲೆ ದೋಸೆ ಹೇಳಿದೆ, ನನಗೆ ಕಾಫಿ. ನಾವಿಬ್ಬರೂ ಮಾತು ಕಡಿಮೆಯ ಜನ. ದೋಸೆ ಅರ್ಧ ಆದ ಮೇಲೆ ನಾನು ಕೇಳಿದೆ:

"ಟಾನಿಕ್ ಕುಡೀತೀಯಾ?"

"ಕುಡೀತೀನಿ."

"ಆಚೆ ಕೂತ್ಕಳದು?"

ಅವಳು ಚಟ್ನಿಯನ್ನೇ ನೋಡುತ್ತಿದ್ದಳು. "ಅದೂ ಕೂತ್ಕತೀನಿ ಅವ್ವ."

"ಆಯ್ತು. ದೋಸೆ ತಿನ್ನು."

ಇನ್ನೊಂದು ದೋಸೆ ಹೇಳಿದೆ. ಅದನ್ನೂ ತಿಂದಳು. ತಾಯಿ ಮಗಳ ನಡುವೆ ಈ ವಿಷಯದಲ್ಲಿ ಆದ ಮಾತುಕತೆ ಇಷ್ಟೇ. ಇದನ್ನು ಬರೆಯಲು ಕೂರುವವರೆಗೂ ಇಷ್ಟೇ.

ಈಗ ನನಗೆ ಒಂದು ಹೊಸ ಕೆಲಸ ಬಂತು: ಮಗಳ ಸುಳ್ಳನ್ನು ಕಾಯುವುದು. ಅವಳು ಆಚೆ ಕೂತಾಗಲೆಲ್ಲ ನಾನು ಕೆಲಸ ತಪ್ಪಿಸಬೇಕು. ಅತ್ತೆಯ ಮುಂದೆ, "ಅಯ್ಯೋ, ಈ ಕೂಸ್ಗೆ ಮತ್ತೆ ಬಂತಲ್ಲ" ಎಂದು ಹಣೆ ಬಡಿದುಕೊಳ್ಳಬೇಕು. ನನಗೆ ನಾಟಕ ಬರುವುದಿಲ್ಲ. ಹಣೆಯನ್ನು ನಿಜವಾಗಿ ಬಡಿದುಕೊಂಡು ನೋಯಿಸಿಕೊಳ್ಳುತ್ತಿದ್ದೆ. ಅತ್ತೆ ಏನೂ ಹೇಳುತ್ತಿರಲಿಲ್ಲ. ಅವರು ಏನೂ ಹೇಳದೆ ಇರುವುದು ಅಪರೂಪ. ಅದನ್ನಾದರೂ ನಾನು ಗಮನಿಸಬೇಕಿತ್ತು.

ನೂಲಿನ ಮನೆಯ ಯಜಮಾನರು ಗಮನಿಸಿದರು. "ಏನವ್ವ, ನಿಮ್ ಮನೇಲಿ ತಿಂಗ್ಳಿಗೆ ಎಷ್ಟು ಅಮಾಸೆ ಬತ್ತದೆ?" ಎಂದರು. ಹೆಂಗಸರೆಲ್ಲ ನಕ್ಕರು.

"ಬಂದಷ್ಟು ಸಾ" ಎಂದೆ.

ನಾನು ಜೀವನದಲ್ಲಿ ಆಡಿದ ಎದುರುತ್ತರ ಅದೊಂದೇ. ಅವರು ನಗಲಿಲ್ಲ. ಇನ್ನೊಂದು ಸಲ ತಪ್ಪಿಸಿದರೆ ನನ್ನ ಒಲೆಗೆ ಬೇರೆ ಹೆಂಗಸನ್ನು ಕೂರಿಸುವುದಾಗಿ ಹೇಳಿದರು. ಅವರ ತಪ್ಪಲ್ಲ, ಬೆಂದ ಗೂಡು ಯಾರಿಗೂ ಕಾಯುವುದಿಲ್ಲ. ಆದರೆ ನಾನು ಕೆಲಸಕ್ಕೆ ಹೋದರೆ ನಿಮ್ಮ ಅಮ್ಮನಿಗೆ ಆಚೆ ಇಲ್ಲ. ಆಚೆ ಇಲ್ಲದಿದ್ದರೆ ಬಾವಿಯ ಕಟ್ಟೆ ಇದೆ. ನಾನು ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕುತ್ತಾ ಬಂದೆ. ಯಾವ ಕಡೆಯಿಂದ ಕೂಡಿದರೂ ಅದೇ ಉತ್ತರ ಬರುತ್ತಿತ್ತು.

ಮರುದಿನ ಶಾಲೆಗೂ ನೂಲಿನ ಮನೆಗೂ ರಜೆ. ನಿಮ್ಮ ಅಮ್ಮ ಬೆಳಿಗ್ಗೆಯೇ ಚಾಪೆ ಹಾಸಿಕೊಂಡು ಆಚೆ ಕೂತಿದ್ದಳು. ಎದುರು ಮನೆಯ ಮುದುಕಿ ಅತ್ತೆಯನ್ನು ಮಾತಾಡಿಸಲು ಬಂದಳು. ಅತ್ತೆಯ ಹಳೆಯ ಗೆಳತಿ. ಅವಳ ಕೋಳಿಯಿಂದಲೇ ಅತ್ತೆ ಬಿದ್ದದ್ದು, ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದೆ.

"ಅಲ್ಲಕ್ಕ," ಎಂದಳು ಮುದುಕಿ, "ನಿನ್ ಮೊಮ್ಮಗ್ಳು ಯಾವಾಗ್ ನೋಡುದ್ರೂ ಆಚೆನೇ ಕೂತವ್ಳಲ್ಲ? ಮೊನ್ನೆ ತಲೆಗ್ ನೀರಾಕಂಡ್ಲು, ಇವತ್ ನೋಡುದ್ರೆ ಮತ್ತೆ. ಇದು ಗಾಳಿ ಚೇಷ್ಟೆ. ಇಲ್ದಿದ್ರೆ ಕಳ್ಳಾಟ. ಎಲ್ಡ್ರಲ್ಲಿ ಒಂದು."

ನನ್ನ ಕೈಯ ಕೋಲು ಮುದ್ದೆಯಲ್ಲಿ ನಿಂತುಹೋಯಿತು. ಅತ್ತೆಗೆ ಮೋಸ ಸಹಿಸುವ ಅಭ್ಯಾಸವಿಲ್ಲ. ಒಂದು ಹಂಡೆಗೆ ಹೆತ್ತ ಮಗಳನ್ನು ಬಿಟ್ಟವರು.

"ಗಾಳಿನೂ ಅಲ್ಲ, ಕಳ್ಳಾಟನೂ ಅಲ್ಲ," ಎಂದರು ಅತ್ತೆ. "ನಮ್ಮನೆ ಎಣ್ಮಕ್ಳಿಗೆ ಅಂಗೇ ಕನೆ. ನಂಗೂ ಅಂಗೇ ಆಯ್ತಿತ್ತು."

"ನಿಂಗಾ? ಯಾವಾಗಕ್ಕ?"

"ನಮ್ಮತ್ತೆ ಮಲ್ಗಿದ್ಲಲ್ಲ, ಆಗ. ನಾನಿನ್ನೂ ಇಷ್ಟೇ ಉದ್ದ ಇದ್ದಿ. ತಿಂಗ್ಳೆಲ್ಲ ಆಚೆನೇ. ಯಾವ್ ಔಸ್ದಕ್ಕೂ ಬಗ್ಗುಲಿಲ್ಲ. ಆ ಮುದ್ಕಿ ಸತ್ತ ದಿವ್ಸ ನೋಡು, ತಾನಾಗೇ ಸರ್ಯೋಯ್ತು."

ಎದುರು ಮನೆಯವಳು ಎಲೆಯ ತೊಟ್ಟು ಮುರಿಯುತ್ತಾ, "ಅಂಗಾದ್ರೆ ಇದು ವಂಸದ್ದು" ಎಂದಳು.

"ವಂಸದ್ದೇ. ನೀ ಎಲೆ ಅಡ್ಕೆ ಆಕು, ಊರ್ ವಿಸ್ಯ ಬುಟ್ಟು."

ಮುದ್ದೆ ಅಂದು ಗಂಟುಗಂಟಾಯಿತು. ಮುದುಕಿ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ನಾನು ಕೈ ಒರೆಸಿಕೊಳ್ಳುತ್ತಾ ಹೋಗಿ ನಿಂತೆ. ಅವರು ಸೂರಿನ ಕಡೆ ನೋಡುತ್ತಿದ್ದರು.

"ಆ ಕೌದಳ್ಳಿಯವ್ಳ್ಗೆ ಏಳಿ ಕಳ್ಸು" ಎಂದರು.

ಮಗಳನ್ನು 'ಕೌದಳ್ಳಿಯವಳು' ಎಂದಾದರೂ ಕರೆದದ್ದನ್ನು ನಾನು ಅಂದೇ ಕೇಳಿದ್ದು. "ಏನಂತ ಏಳ್ಲಿ ಅತ್ತೆ?"

"ನಾನ್ ಕರ್ದೆ ಅನ್ಬ್ಯಾಡ. ಬಂದ್ರೆ ಬ್ಯಾಡ ಅನ್ನಕಿಲ್ಲ, ಅನ್ನು."

ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಹನೂರು ದಾಟಿ ಕೌದಳ್ಳಿ ಮೇಲೆಯೇ ಹೋಗಬೇಕು. ಬೆಟ್ಟಕ್ಕೆ ಹೊರಟಿದ್ದ ಊರಿನವರೊಬ್ಬರ ಬಾಯಲ್ಲಿ ಆ ಮಾತನ್ನು ಹಾಗೆಯೇ ಕಳಿಸಿದೆ. ದಾರಿಯಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೂ ಕೆಲಸ ಕೆಡುತ್ತದೆಂದು ಅವರಿಂದ ಎರಡು ಸಲ ಹೇಳಿಸಿ ಕಳಿಸಿದೆ. ಮೂರನೇ ದಿನಕ್ಕೇ ನನ್ನ ನಾದಿನಿ ಬಂದಳು. ಬಸ್ಸು ಇಳಿದು ಹಂಡೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬೀದಿಯಲ್ಲಿ ನಡೆದು ಬಂದಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ಹಂಡೆಯನ್ನು ನೋಡಿದರು. ಅವಳು ಒಳಗೆ ಬಂದು ಅದನ್ನು ಮಂಚದ ಪಕ್ಕದಲ್ಲಿ ದಡಾರೆಂದು ಇಟ್ಟಳು.

ಅತ್ತೆ ಮಗಳ ಮುಖ ನೋಡಲಿಲ್ಲ. ಹಂಡೆಯನ್ನು ನೋಡಿದರು. "ತಳ ಸುಟ್ಟಾಕಿದ್ದೀಯಲ್ಲೇ."

"ನಿನ್ ಸೊಂಟ ಮುರ್ದದೆ, ಬಾಯಿ ಮುರ್ದಿಲ್ಲ" ಎಂದಳು ನಾದಿನಿ. ಆಮೇಲೆ ಮಂಚದ ಅಂಚಿನಲ್ಲಿ ಕೂತು ಅವರ ಕಾಲು ಒತ್ತತೊಡಗಿದಳು. ಹಂಡೆಯ ವಿಷಯ ಅಲ್ಲಿಗೆ ಮುಗಿಯಿತು. ಅಷ್ಟು ವರ್ಷದ ಜಗಳ ಮುಗಿಯಲು ಇಷ್ಟೇ ಸಾಕಿತ್ತೆಂದು ಗೊತ್ತಿದ್ದರೆ ಕೋಳಿಗಿಂತ ಮೊದಲೇ ಮುಗಿಸಬಹುದಿತ್ತು.

ಕೌದಳ್ಳಿಯಲ್ಲಿ ತಮಿಳರ ಒಡನಾಟ ಹೆಚ್ಚು, ನಾದಿನಿಯ ಮಾತಿನಲ್ಲಿ ತಮಿಳು ಬೆರೆತಿತ್ತು. ಹಿತ್ತಿಲಿಗೆ ಹೋಗಿ ನಿಮ್ಮ ಅಮ್ಮನನ್ನು ನೋಡಿ, "ಅಯ್ಯೋ ಪಾವಂ, ಏನ್ಲೇ ಇದು, ಒಣಗಿದ್ ಸೊಪ್ಪಾಗಿದ್ದೀಯ" ಎಂದು ಅವಳನ್ನು ಮುಟ್ಟಿಯೇಬಿಟ್ಟಳು. ನಿಮ್ಮ ಅಮ್ಮ, "ಅತ್ತೆ, ನಾನ್ ಆಚೆ" ಎಂದು ಹಿಂದೆ ಸರಿದಳು. "ಆಚೆನೋ ಈಚೆನೋ, ನಾನ್ ಬಸ್ಸಲ್ಲಿ ಎಷ್ಟ್ ಜನನ ಮುಟ್ಕಂಡ್ ಬಂದಿದ್ದೀನೋ" ಎಂದು ಅವಳ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. ನಿಮ್ಮ ಅಮ್ಮ ಆಗ ಅತ್ತಳು. ಸಣ್ಣದಾಗಿ ಅಲ್ಲ, ಬೀದಿಗೆ ಕೇಳುವಂತೆ. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಒಳಗಿನಿಂದ ಅತ್ತೆ, "ಯಾರ್ ಸತ್ರು?" ಎಂದರು. ಯಾರೂ ಇಲ್ಲ ಎಂದೆ.

ಅಂದಿನಿಂದ ನಾದಿನಿ ತಿಂಗಳ ಅರ್ಧ ನಮ್ಮಲ್ಲಿ ಇರತೊಡಗಿದಳು. ಅವಳ ಮಕ್ಕಳು ದೊಡ್ಡವರಾಗಿದ್ದರು, ಗಂಡನಿಗೆ ಅಂಗಡಿಯೇ ಮನೆಯಾಗಿತ್ತು. ಉಳಿದರ್ಧ ನಾನೂ ನಿಮ್ಮ ಅಮ್ಮನೂ 'ಬೆಳಿಗ್ಗೆ ನನ್ನದು, ಸಂಜೆ ನಿನ್ನದು' ಎಂದು ಹಂಚಿಕೊಂಡೆವು. ಮಧ್ಯಾಹ್ನಕ್ಕೆ ಎದುರು ಮನೆಯ ಮುದುಕಿ ಬಂದು ನೀರು ಕೊಡುವಳು. ಕೋಳಿಯ ಋಣ ಎಂದು ಯಾರೂ ಹೇಳಲಿಲ್ಲ. ನಿಮ್ಮ ತಾತನಿಗೆ ಇದನ್ನೆಲ್ಲ ಹೇಳಿದ ಮೇಲೆ ಅವರು ಬೆಟ್ಟದಿಂದ ಬಂದಾಗಲೆಲ್ಲ ತಾವೇ ಅವ್ವನನ್ನು ಎತ್ತಿ ಹಿತ್ತಿಲಿನ ಬಿಸಿಲಿಗೆ ಕೂರಿಸತೊಡಗಿದರು. ಅದಕ್ಕೂ ಮೊದಲು ಅವರಿಗೆ ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ನಿಮ್ಮ ಅಮ್ಮ ಒಂದೇ ದಿನಕ್ಕೆ ಸರಿಹೋದಳು ಎಂದು ಬರೆದರೆ ಸುಳ್ಳಾಗುತ್ತದೆ. ಕೈ ಮೂಸುವುದು ಬಹಳ ಕಾಲ ಇತ್ತು. ಈಗಲೂ ಯೋಚನೆಯಲ್ಲಿದ್ದಾಗ ಮೂಸುತ್ತಾಳೆ, ನೀವು ನೋಡಿರಬೇಕು, ನಗಬೇಡಿ. ಆ ವರ್ಷ ಲೆಕ್ಕದಲ್ಲಿ ಫೇಲಾಗಿ ಮತ್ತೆ ಕಟ್ಟಿದಳು. ಆದರೆ ಮಧ್ಯಾಹ್ನ ಹುಡುಗಿಯರ ಜೊತೆ ಕೂತು ಬುತ್ತಿ ತಿನ್ನತೊಡಗಿದಳು. ಒಂದು ದಿನ ಏನೋ ಹೇಳಿದ್ದಕ್ಕೆ ನನಗೆ ಎದುರು ಮಾತಾಡಿ, ಬಾಗಿಲನ್ನು ದಢಾರ್ ಎಂದು ಹಾಕಿಕೊಂಡು ಹೋದಳು. ನಾನು ಆ ಬಾಗಿಲನ್ನು ನೋಡುತ್ತಾ ನಿಂತು, ಅಬ್ಬ, ಎಂದುಕೊಂಡೆ.

ಸುಳ್ಳು ಮುಟ್ಟು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಲು ಅತ್ತೆ ಬಿಡಲಿಲ್ಲ.

ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ನಾದಿನಿ ಕೌದಳ್ಳಿಗೆ ಹೋಗಿದ್ದಳು. ನಾನು ಆಗಷ್ಟೇ ಕೆಲಸದಿಂದ ಬಂದು ಜಗಲಿಯ ಮೇಲೆ ಕೂತಿದ್ದೆ. ನಿಮ್ಮ ಅಮ್ಮ ಲೆಕ್ಕದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಅವಳ ಕಣ್ಣು ಪುಸ್ತಕದಲ್ಲೂ ಇರಲಿಲ್ಲ, ಗಂಜಿಯಲ್ಲೂ ಇರಲಿಲ್ಲ. ಅತ್ತೆ ಚಮಚವನ್ನು ಕೈಯಿಂದ ತಳ್ಳಿ ಅವಳ ಮುಖವನ್ನು ಒಂದು ಗಳಿಗೆ ನೋಡಿದರು.

"ಲೇ, ನೀನ್ ಇವತ್ತು ಆಚೆ."

"ಇಲ್ಲ ಅಜ್ಜಿ, ಇನ್ನೂ ಆಗಿಲ್ಲ."

"ಆಯ್ತದೆ, ಓಗು."

"ಅಜ್ಜಿ, ನಿಜ್ವಾಗ್ಲೂ..."

"ನಂಗೇ ಏಳ್ಕೊಡ್ತೀಯಾ? ಮುಟ್ಬ್ಯಾಡ ನನ್ನ. ಏಯ್, ನಿನ್ ಮಗ್ಳು ಆಚೆ, ಬಂದು ಈ ಗಂಜಿ ಕುಡ್ಸು."

ನಾನು ಎದ್ದು ಹೋಗಿ ಚಮಚ ತೆಗೆದುಕೊಂಡೆ. ನಿಮ್ಮ ಅಮ್ಮ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಡೆದ ತಟ್ಟೆ ಲೋಟ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಚಾಪೆ ಕೊಡವಿದ ಸದ್ದಾಯಿತು. ಗಂಜಿ ಮುಗಿಯುತ್ತಾ ಬಂದಾಗ ಚಂದ್ರಿಕೆಗಳ ಹಿಂದಿನಿಂದ ಒಂದು ಸಿನಿಮಾ ಪದ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಹಳೆಯ ಗಂಟಲಿನಲ್ಲಿ. ರಾಗ ಇಲ್ಲ, ತಾಳ ಇಲ್ಲ, ಅರ್ಧ ಪದಗಳು ಅವಳವೇ. ತಗಡು ಅದುರುತ್ತಿತ್ತು.

ಅತ್ತೆ ಕೊನೆಯ ಗುಟುಕು ನುಂಗಿ ಬಾಯಿ ಒರೆಸಿಕೊಂಡರು. ಆಮೇಲೆ ಹಿತ್ತಿಲಿನ ಕಡೆಗೆ ತಮ್ಮ ಬಾಯಿ ಪೂರ್ತಿ ತೆರೆದು ಕೂಗಿದರು:

"ಮೆಲ್ಲುಗ್ ಏಳ್ಲೇ ಪದವ! ಮುಟ್ಟಾದೋರು ಇಷ್ಟ್ ಜೋರಾಗ್ ಏಳಕಿಲ್ಲ!"